ಪತನಗೊಂಡ ಆಡಳಿತದ ಅಧಿಕಾರಿಗಳ ಮೇಲಿನ ನಿರ್ಬಂಧಗಳು: ಸುರಪುರ (1858) ಮತ್ತು ಹೈದರಾಬಾದ್ (1948)

ಒಂದು ಸರ್ಕಾರ ಉರುಳಿದ ಮೇಲೆ ಅದರ ಅರಸ, ಮಂತ್ರಿ, ಸೇನಾಧಿಪತಿ ಮತ್ತು ಅಧಿಕಾರಿಗಳ ಆಸ್ತಿ, ಓಡಾಟ, ಹುದ್ದೆ, ಹಣದ ವ್ಯವಹಾರಗಳ ಮೇಲೆ ಹೊರಗಿನ ಶಕ್ತಿಯೊಂದು ಅಥವಾ ಹಲವು ರಾಷ್ಟ್ರಗಳು ಸೇರಿ ಹಾಕುವ ತಡೆಗಳನ್ನು ನಿರ್ಬಂಧಗಳೆಂದು ಗುರುತಿಸಲಾಗುತ್ತದೆ. ಇರಾಕ್, ಲೈಬೀರಿಯ, ಲಿಬಿಯ, ಸಿರಿಯಗಳ ಸುದ್ದಿಯಿಂದ ಇದು ಈಚಿನ ದಶಕಗಳಲ್ಲಿ ಎಲ್ಲರಿಗೂ ಪರಿಚಿತವಾಯಿತು. ಆದರೆ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆ ಇಂಥ ಪತನವನ್ನು ನೂರು ವರ್ಷದೊಳಗೆ ಎರಡು ಸಲ ಕಂಡಿದೆ. ಮೊದಲನೆಯದು 1858ರಲ್ಲಿ ಸುರಪುರದ ನಾಯಕ ಸಂಸ್ಥಾನದ್ದು, ಎರಡನೆಯದು 1948ರಲ್ಲಿ ನಿಜಾಮನ ಹೈದರಾಬಾದ್ ರಾಜ್ಯದ್ದು. ಎರಡನೆಯ ಪ್ರಕರಣದ ಹಣಕಾಸಿನ ತಗಾದೆ ಲಂಡನ್ನಿನ ನ್ಯಾಯಾಲಯದಲ್ಲಿ ಇತ್ಯರ್ಥವಾದದ್ದು 2019ರಲ್ಲಿ.

ಸ್ವರೂಪ ಮತ್ತು ಕಾನೂನು

ನಿರ್ಬಂಧಗಳಲ್ಲಿ ಎರಡು ಬಗೆ. ಒಂದು, ಇಡೀ ನಾಡಿನ ಮೇಲೆ ಹಾಕುವ ದಿಗ್ಬಂಧನ: ವ್ಯಾಪಾರ, ಇಂಧನ, ಔಷಧ, ಆಯುಧಗಳ ಸಾಗಾಟ ನಿಲ್ಲಿಸುವುದು. ಇನ್ನೊಂದು, ಹೆಸರು ಹಿಡಿದು ಹಾಕುವ ನಿರ್ಬಂಧ: ಇಂಥವರ ಬ್ಯಾಂಕ್ ಖಾತೆ ತಡೆಹಿಡಿಯಬೇಕು, ಇಂಥವರಿಗೆ ವೀಸಾ ಕೊಡಕೂಡದು ಎಂದು ಪಟ್ಟಿ ಮಾಡುವುದು. ವಿಶ್ವಸಂಸ್ಥೆಯ ಸನ್ನದಿನ 41ನೆಯ ವಿಧಿ ಭದ್ರತಾ ಮಂಡಳಿಗೆ ಸೈನ್ಯ ಬಳಸದೆ ಇಂಥ ಕ್ರಮ ಕೈಗೊಳ್ಳುವ ಅಧಿಕಾರ ಕೊಡುತ್ತದೆ. ಆ ನಿರ್ಣಯಗಳನ್ನು ಭಾರತದೊಳಗೆ ಜಾರಿ ಮಾಡಲು 1947ರಷ್ಟು ಹಿಂದೆಯೇ ವಿಶ್ವಸಂಸ್ಥೆ (ಭದ್ರತಾ ಮಂಡಳಿ) ಅಧಿನಿಯಮ ಬಂದಿದೆ.

ನಿರ್ಬಂಧ ನ್ಯಾಯಾಲಯ ಕೊಡುವ ಶಿಕ್ಷೆಯಲ್ಲ, ಆಡಳಿತ ಕೈಗೊಳ್ಳುವ ಮುಂಜಾಗ್ರತೆ. ಆರೋಪ ರುಜುವಾತಾಗುವ ಮೊದಲೇ ಅದು ಜಾರಿಗೆ ಬರುತ್ತದೆ. ಹಣ ದೇಶ ದಾಟಿ ಹೋಗದಂತೆ, ಮನುಷ್ಯ ತಲೆಮರೆಸಿಕೊಳ್ಳದಂತೆ ನೋಡಿಕೊಳ್ಳುವುದೇ ಅದರ ಉದ್ದೇಶ. ಆದ್ದರಿಂದ ಯಾವುದೇ ನಿರ್ಬಂಧವನ್ನು ಅಳೆಯುವಾಗ ಮೂರು ಪ್ರಶ್ನೆ ಏಳುತ್ತವೆ. ಯಾರ ಹೆಸರು ಪಟ್ಟಿಯಲ್ಲಿದೆ? ಹಿಡಿದಿಟ್ಟ ಹಣ ಕೊನೆಗೆ ಯಾರದು? ಪಟ್ಟಿಯಲ್ಲಿ ಇಲ್ಲದವರ ಮೇಲೆ ಎಷ್ಟು ಪೆಟ್ಟು ಬಿತ್ತು?

ಸುರಪುರ, 1858

ಸುರಪುರದ ಬೇಡ ನಾಯಕರು ಗೋಸಲ ವಂಶದವರು. 1705ರಲ್ಲಿ ಔರಂಗಜೇಬನು ತಾನೇ ಬಂದು ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿದಾಗ ಪಿಡ್ಡನಾಯಕ ಅವನನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ್ದ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಸಂಸ್ಥಾನ ನಿಜಾಮನಿಗೆ ಕಪ್ಪ ಕೊಡುತ್ತ, ಸಾಲದಲ್ಲಿ ಮುಳುಗಿ, ಕಂಪನಿ ಸರ್ಕಾರದ ಉಸ್ತುವಾರಿಗೆ ಬಂದಿತ್ತು. 1842ರಲ್ಲಿ ಕೃಷ್ಣಪ್ಪನಾಯಕ ತೀರಿಕೊಂಡಾಗ ಮಗ ವೆಂಕಟಪ್ಪನಾಯಕ ಇನ್ನೂ ಬಾಲಕ. ರಾಣಿ ಈಶ್ವರಮ್ಮನ ರಾಜಪ್ರತಿನಿಧಿತ್ವದ ಕಾಲದಲ್ಲಿ ಪೊಲಿಟಿಕಲ್ ಏಜೆಂಟನಾಗಿದ್ದ ಮೆಡೋಸ್ ಟೇಲರ್ ಸಂಸ್ಥಾನದ ಲೆಕ್ಕಪತ್ರ ಸರಿಪಡಿಸಿ, 1853ರಲ್ಲಿ ಆಡಳಿತವನ್ನು ಯುವರಾಜನಿಗೆ ಒಪ್ಪಿಸಿ ಹೋದ. ಅವನು ಸುರಪುರದ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಇದೆ.

1857ರ ದಂಗೆಯ ಕಾಲದಲ್ಲಿ ವೆಂಕಟಪ್ಪನಾಯಕ ಸೈನ್ಯ ಕೂಡಿಸಿದ. 1858ರ ಫೆಬ್ರವರಿ ಮೊದಲ ವಾರದಲ್ಲಿ ಕಂಪನಿಯ ಪಡೆಯೊಂದಿಗೆ ಕಾದಾಟವಾಯಿತು, ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ಸೇನೆ ಬರುತ್ತಿರುವ ಸುಳಿವು ಸಿಕ್ಕು ರಾಜ ಹೈದರಾಬಾದಿಗೆ ಹೋದ. ಅಲ್ಲಿ ಅವನನ್ನು ಹಿಡಿದು ಬ್ರಿಟಿಷ್ ರೆಸಿಡೆಂಟನಿಗೆ ಒಪ್ಪಿಸಲಾಯಿತು. ಅವನಿಗೆ ಗಲ್ಲುಶಿಕ್ಷೆಯ ತೀರ್ಪಾಯಿತು. ರೆಸಿಡೆಂಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಅದನ್ನೂ ಇಳಿಸಿ, ಮದ್ರಾಸ್ ಪ್ರಾಂತದ ಕೋಟೆಯೊಂದರಲ್ಲಿ ನಾಲ್ಕು ವರ್ಷದ ಸೆರೆ ವಿಧಿಸಿದ.

ಬಂಧನದಲ್ಲಿದ್ದ ರಾಜನನ್ನು ತಾನು ಭೇಟಿಯಾದದ್ದನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ಅವನನ್ನು ರಾಜ ‘ಅಪ್ಪಾ’ ಎಂದೇ ಕರೆಯುತ್ತಿದ್ದ. ದಂಗೆಗೆ ಹುರಿದುಂಬಿಸಿದವರ ಹೆಸರು ಹೇಳಿದರೆ ರಿಯಾಯಿತಿ ಸಿಕ್ಕೀತು ಎಂಬ ಮಾತು ಬಂದಾಗ ರಾಜ ಒಂದು ಹೆಸರನ್ನೂ ಹೇಳಲಿಲ್ಲ. ಸೆರೆಗೆ ಕರೆದೊಯ್ಯುವ ದಾರಿಯಲ್ಲಿ, ಬೆಂಗಾವಲಿನ ಅಧಿಕಾರಿ ಡೇರೆಯಲ್ಲಿ ಬಿಟ್ಟಿದ್ದ ರಿವಾಲ್ವರಿನ ಗುಂಡಿನಿಂದ ಅವನು ಸತ್ತ. ಅದು ಆಕಸ್ಮಿಕವೋ, ಆತ್ಮಹತ್ಯೆಯೋ, ಕೊಲೆಯೋ ಎಂಬುದರಲ್ಲಿ ಭಿನ್ನಾಭಿಪ್ರಾಯ ಉಳಿದಿದೆ. ಸಂಸ್ಥಾನವನ್ನು ಕಂಪನಿ ಸರ್ಕಾರ ವಶಪಡಿಸಿಕೊಂಡಿತು. 1860ರ ಒಪ್ಪಂದದಲ್ಲಿ ದಂಗೆಯ ಕಾಲದ ನಿಷ್ಠೆಗೆ ಪ್ರತಿಫಲವಾಗಿ ಅದು ನಿಜಾಮನ ಪಾಲಾಯಿತು. ಸುರಪುರದ ಮುಟ್ಟುಗೋಲು ಹೀಗೆ ಮೂರನೆಯವನಿಗೆ ಇನಾಮಾಯಿತು.

ಹೈದರಾಬಾದ್: ಪತನಕ್ಕೆ ಮೊದಲಿನ ದಿಗ್ಬಂಧನ

ಮುಂದಿನ 88 ವರ್ಷ ಈ ಸೀಮೆ ನಿಜಾಮನ ರಾಜ್ಯದಲ್ಲಿತ್ತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲಬರ್ಗಾ ಜಿಲ್ಲೆಗೆ ಸೇರಿದವು. ಊರಲ್ಲಿ ಮಾಲಿಪಟೇಲ, ಪೊಲೀಸ್ ಪಟೇಲ, ಪಟವಾರಿ, ಮೇಲೆ ತಹಶೀಲ್ದಾರ, ಜಿಲ್ಲೆಗೆ ಅವ್ವಲ್ ತಾಲೂಕದಾರ, ವಿಭಾಗಕ್ಕೆ ಸುಬೇದಾರ. ದಫ್ತರಿನ ಭಾಷೆ ಉರ್ದು, ಕಾಗದದ ಮೇಲಿನ ವರ್ಷ ಫಸಲಿ.

1947ರ ನವೆಂಬರ್ 29ರಂದು ಭಾರತ ಮತ್ತು ಹೈದರಾಬಾದ್ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡವು. ಕೆಲವೇ ದಿನಗಳಲ್ಲಿ ಮೀರ್ ಲಾಯಕ್ ಅಲಿ ಪ್ರಧಾನಮಂತ್ರಿಯಾದರು. ಇತ್ತೆಹಾದ್ ಪಕ್ಷದ ಮುಖಂಡ, ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರ ಪಡೆ ಹಳ್ಳಿಗಳಲ್ಲಿ ಹಾವಳಿ ನಡೆಸಿತು. ಹೈದರಾಬಾದ್ ಸರ್ಕಾರ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಮೌಲ್ಯದ ಭಾರತೀಯ ಸಾಲಪತ್ರಗಳನ್ನು ಸಾಲವಾಗಿ ಕೊಟ್ಟದ್ದು, ಭಾರತದ ನಾಣ್ಯದ ಚಲಾವಣೆಗೆ ತಡೆ ಹಾಕಿದ್ದು ತಕರಾರನ್ನು ಬೆಳೆಸಿದವು. 1948ರ ಮೇ 22ರಂದು ಮದ್ರಾಸ್–ಮುಂಬಯಿ ಮೇಲ್ ರೈಲಿನ ಮೇಲೆ ಗುಲಬರ್ಗಾ ಜಿಲ್ಲೆಯ ಗಾಣಗಾಪುರ ನಿಲ್ದಾಣದಲ್ಲಿ ದಾಳಿಯಾಯಿತು. ರಾಯಚೂರು, ಯಾದಗಿರಿ, ವಾಡಿ ದಾಟಿ ಮುಂಬಯಿಗೆ ಹೋಗುವ ಹಳಿ ಅದೇ.

ಇದೇ ಹೊತ್ತಿಗೆ ಹೈದರಾಬಾದಿಗೆ ಪೆಟ್ರೋಲ್, ಯಂತ್ರಗಳ ಬಿಡಿಭಾಗ, ಉಪ್ಪು, ಔಷಧ, ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್ ಸರಿಯಾಗಿ ಬರದಾದವು. ಇದು ಒಪ್ಪಂದಕ್ಕೆ ವಿರುದ್ಧವಾದ ಆರ್ಥಿಕ ದಿಗ್ಬಂಧನ ಎಂದು ಹೈದರಾಬಾದ್ ದೂರಿತು, ಭಾರತ ಸರ್ಕಾರ ಆ ಹೆಸರನ್ನು ಒಪ್ಪಲಿಲ್ಲ. ಸುತ್ತಲೂ ಭಾರತದ ನೆಲವೇ ಇದ್ದ, ಬಂದರಿಲ್ಲದ ರಾಜ್ಯಕ್ಕೆ ಉಳಿದದ್ದು ಆಕಾಶಮಾರ್ಗ. ಆಸ್ಟ್ರೇಲಿಯದ ವೈಮಾನಿಕ ಸಿಡ್ನಿ ಕಾಟನ್ ಕರಾಚಿಯಿಂದ ರಾತ್ರೋರಾತ್ರಿ ಆಯುಧ ಹೊತ್ತು ತಂದ. ಮುಂದೆ ಬ್ರಿಟನ್ನಿನಲ್ಲಿ ಇದಕ್ಕಾಗಿ ಅವನ ಮೇಲೆ ಮೊಕದ್ದಮೆ ನಡೆದು ದಂಡ ಬಿತ್ತು. ಹೈದರಾಬಾದ್ ಪ್ರಕರಣದಲ್ಲಿ ಹೊರದೇಶವೊಂದು ಒಬ್ಬ ವ್ಯಕ್ತಿಯ ಮೇಲೆ ಜರುಗಿಸಿದ ಸ್ಪಷ್ಟ ಕ್ರಮಗಳಲ್ಲಿ ಇದೂ ಒಂದು.

ಭದ್ರತಾ ಮಂಡಳಿಯ ಮುಂದೆ

1948ರ ಆಗಸ್ಟ್ 21ರಂದು ಹೈದರಾಬಾದ್ ಸರ್ಕಾರ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಮೊಯಿನ್ ನವಾಜ್ ಜಂಗ್ ನಿಯೋಗದ ನಾಯಕ. ಸೆಪ್ಟೆಂಬರ್ 13ರ ಬೆಳಿಗ್ಗೆ ಭಾರತದ ಸೇನೆ ಗಡಿ ದಾಟಿತು. 16ರಂದು ಪ್ಯಾರಿಸ್ಸಿನಲ್ಲಿ ಸೇರಿದ ಮಂಡಳಿ ಯಾರ ವಿರೋಧವೂ ಇಲ್ಲದೆ, 8 ಮತಗಳಿಂದ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಕೊಂಡಿತು. ಮೂರು ರಾಷ್ಟ್ರಗಳು ತಟಸ್ಥವಾಗಿದ್ದವು. ಭಾರತದ ಪರ ವಾದಿಸಿದವರು ಆಗಿನ ಮೈಸೂರು ದಿವಾನ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. ಮರುದಿನವೇ ಲಾಯಕ್ ಅಲಿ ಸಂಪುಟ ರಾಜೀನಾಮೆ ಕೊಟ್ಟಿತು. 18ರಂದು ಹೈದರಾಬಾದ್ ಸೇನಾಧಿಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದರು. 22ರಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ದೂರನ್ನು ಹಿಂತೆಗೆದುಕೊಂಡಿರುವುದಾಗಿ ತಂತಿ ಕಳಿಸಿ, ಮರುದಿನ ರೇಡಿಯೊ ಭಾಷಣದಲ್ಲಿ ಹೊಣೆಯನ್ನೆಲ್ಲ ಲಾಯಕ್ ಅಲಿ ಮತ್ತು ರಜ್ವಿಯ ತಲೆಗೆ ಕಟ್ಟಿದ. ದೂರು ಕೊಟ್ಟ ಸರ್ಕಾರವೇ ಇಲ್ಲವಾದ್ದರಿಂದ ಮಂಡಳಿ ಯಾವ ನಿರ್ಣಯವನ್ನೂ ಅಂಗೀಕರಿಸಲಿಲ್ಲ. ಹೀಗಾಗಿ ಮುಂದಿನ ಕ್ರಮಗಳೆಲ್ಲ ಭಾರತದ ಸೈನಿಕ ಆಡಳಿತ, ಭಾರತದ ನ್ಯಾಯಾಲಯ ಮತ್ತು ಲಂಡನ್ನಿನ ಒಂದು ಬ್ಯಾಂಕಿನ ಮೂಲಕ ನಡೆದವು.

ಹಿರಿಯರ ಗತಿ

*ನಿಜಾಮ.* ಗದ್ದಿಯ ಮೇಲಿದ್ದವನಿಗೆ ಎಲ್ಲರಿಗಿಂತ ಹಗುರ. ಅವನ ಖಾಸಗಿ ಭೂಮಿಯಾದ ಸರ್ಫ್-ಎ-ಖಾಸ್ 1949ರಲ್ಲಿ ಸರ್ಕಾರಕ್ಕೆ ಸೇರಿತು, ಪ್ರತಿಯಾಗಿ ಪರಿಹಾರ ಸಿಕ್ಕಿತು. ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ ನಿಗದಿಯಾಯಿತು. 1950ರ ಜನವರಿ 26ರಿಂದ 1956ರ ಅಕ್ಟೋಬರ್ 31ರವರೆಗೆ ಅವನೇ ಹೈದರಾಬಾದಿನ ರಾಜಪ್ರಮುಖ. ಜಾಗೀರುಗಳನ್ನು 1949ರ ಆಗಸ್ಟ್ 15ರ ಶಾಸನ ರದ್ದು ಮಾಡಿತು. ಜಾಗೀರದಾರರಿಗೂ ಪರಿಹಾರಧನದ ಏರ್ಪಾಟು ಇತ್ತು.

*ಲಾಯಕ್ ಅಲಿ.* ಬೇಗಂಪೇಟೆಯ ಮನೆಯಲ್ಲಿ ಗೃಹಬಂಧನ. 1950ರ ಮಾರ್ಚ್ ಮೊದಲಿಗೆ ಅವರು ತಪ್ಪಿಸಿಕೊಂಡರು. ಹೆಂಗಸರು ಓಡಾಡುವ ಪರದೆಯ ಕಾರಿನಲ್ಲಿ ಮನೆಯಿಂದ ಹೊರಬಿದ್ದು, ಮುಂಬಯಿಯಿಂದ ವಿಮಾನ ಹಿಡಿದು ಕರಾಚಿ ಸೇರಿದರೆಂದು ಹೇಳಲಾಗುತ್ತದೆ. ಅವರು ಅಲ್ಲಿ ಕಾಣಿಸಿಕೊಂಡ ಮೇಲಷ್ಟೇ ಕಾವಲಿನ ಲೋಪ ಬಯಲಾಯಿತು.

*ಎಲ್ ಎದ್ರೂಸ್.* ಸೆರೆಯ ನಂತರ ಬಿಡುಗಡೆಯಾಗಿ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು.

*ಕಾಸಿಂ ರಜ್ವಿ.* 1948ರ ಸೆಪ್ಟೆಂಬರಿನಲ್ಲೇ ಬಂಧನ. ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರ ಕೊಲೆ ಮತ್ತು ಬೀಬಿನಗರ ಡಕಾಯಿತಿ ಪ್ರಕರಣಗಳಲ್ಲಿ ವಿಶೇಷ ನ್ಯಾಯಮಂಡಳಿ ವಿಚಾರಣೆ ನಡೆಸಿತು. ಕೊನೆಗೆ ನಿಂತದ್ದು ಬೀಬಿನಗರ ಪ್ರಕರಣದ ಏಳು ವರ್ಷದ ಶಿಕ್ಷೆ. ಸಂವಿಧಾನ ಜಾರಿಗೆ ಬಂದ ಮೇಲೂ ವಿಶೇಷ ನ್ಯಾಯಮಂಡಳಿ ಮುಂದುವರಿದದ್ದು ಸಮಾನತೆಯ ಹಕ್ಕಿಗೆ ವಿರುದ್ಧ ಎಂಬ ಅವನ ವಾದವನ್ನು ಸುಪ್ರೀಂ ಕೋರ್ಟ್ 1953ರಲ್ಲಿ ಬಹುಮತದಿಂದ ತಳ್ಳಿಹಾಕಿತು. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ.

*ಹಬೀಬ್ ಮಹಮ್ಮದ್.* ಈ ವಿಷಯಕ್ಕೆ ಅತ್ಯಂತ ಮುಖ್ಯವಾದ ಪ್ರಕರಣ ವಾರಂಗಲ್ ಸುಬೇದಾರನಾಗಿದ್ದ ಈತನದು. 1947ರ ಡಿಸೆಂಬರಿನಲ್ಲಿ ಪೊಲೀಸರು ಮತ್ತು ಸೈನಿಕರೊಂದಿಗೆ ಗೂರ್ತೂರು ಎಂಬ ಹಳ್ಳಿಗೆ ಹೋಗಿ ಗುಂಡು ಹಾರಿಸಲು, ಮನೆಗಳಿಗೆ ಬೆಂಕಿ ಇಡಲು ಆಜ್ಞೆ ಕೊಟ್ಟನೆಂಬ ಆರೋಪದ ಮೇಲೆ ಮರಣದಂಡನೆ ಆಯಿತು, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟ್ ಸಾಕ್ಷ್ಯವನ್ನು ಹೊಸದಾಗಿ ತೂಗಿ ನೋಡಿತು. ಸ್ಥಳದಲ್ಲಿದ್ದನೆನ್ನಲಾದ ಹಿರಿಯ ಪೊಲೀಸ್ ಅಧಿಕಾರಿಯನ್ನು ಸರ್ಕಾರಿ ಪಕ್ಷ ಸಾಕ್ಷಿಕಟ್ಟೆಗೆ ಕರೆಯದೇ ಇದ್ದದ್ದು ಆರೋಪಿಗೆ ಮಾಡಿದ ಅನ್ಯಾಯ ಎಂದು ಹೇಳಿ, 1953ರಲ್ಲಿ ಅವನನ್ನು ಖುಲಾಸೆ ಮಾಡಿತು. ಮುಖ್ಯ ಸಾಕ್ಷಿಯನ್ನು ಸರ್ಕಾರಿ ಪಕ್ಷ ಕರೆಯದೆ ಬಿಡಬಾರದು ಎಂಬುದಕ್ಕೆ ಭಾರತದ ನ್ಯಾಯಾಲಯಗಳು ಈ ತೀರ್ಪನ್ನು ಇಂದಿಗೂ ಉಲ್ಲೇಖಿಸುತ್ತವೆ. ಬಿದ್ದುಹೋದ ಆಡಳಿತದ ಅಧಿಕಾರಿಯೂ ಹೊಸ ಸಂವಿಧಾನದ ಆಸರೆ ಪಡೆಯಬಲ್ಲ ಎಂಬುದು ಇದರಿಂದ ಗಟ್ಟಿಯಾಯಿತು.

ಲಂಡನ್ನಿನ ಖಾತೆ

ಸೇನೆ ಶರಣಾಗಿ ಎರಡು ದಿನಕ್ಕೆ, 1948ರ ಸೆಪ್ಟೆಂಬರ್ 20ರಂದು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿದ್ದ ಹೈದರಾಬಾದ್ ಸರ್ಕಾರದ 10,07,940 ಪೌಂಡ್ 9 ಶಿಲಿಂಗ್ ಹಣ ಪಾಕಿಸ್ತಾನದ ಹೈಕಮಿಷನರ್ ಹಬೀಬ್ ಇಬ್ರಾಹಿಂ ರಹೀಂತುಲಾ ಅವರ ಖಾತೆಗೆ ಹೋಯಿತು. ಆದೇಶ ಕೊಟ್ಟವರು ಮೊಯಿನ್ ನವಾಜ್ ಜಂಗ್. ಅವರಿದ್ದ ಲಾಯಕ್ ಅಲಿ ಸಂಪುಟ ಮೂರು ದಿನದ ಹಿಂದೆಯೇ ರಾಜೀನಾಮೆ ಕೊಟ್ಟಿತ್ತು. ವಾರದೊಳಗೆ ನಿಜಾಮ ಬ್ಯಾಂಕಿಗೆ ತಂತಿ ಕೊಟ್ಟು, ಈ ವರ್ಗಾವಣೆಗೆ ತನ್ನ ಒಪ್ಪಿಗೆ ಇಲ್ಲ, ಹಣ ಹಿಂದಿರುಗಿಸಿ ಎಂದ. ಖಾತೆಯ ಒಡೆಯ ಒಬ್ಬ, ಕೇಳುವವನು ಇನ್ನೊಬ್ಬ. ಬ್ಯಾಂಕ್ ಹಣವನ್ನು ಯಾರಿಗೂ ಕೊಡದೆ ತಡೆಹಿಡಿಯಿತು.

1954ರಲ್ಲಿ ನಿಜಾಮ ದಾವೆ ಹೂಡಿದ. ಪಾಕಿಸ್ತಾನ ಸಾರ್ವಭೌಮ ರಾಷ್ಟ್ರವಾದ್ದರಿಂದ ಅದನ್ನು ಅದರ ಒಪ್ಪಿಗೆಯಿಲ್ಲದೆ ಇಂಗ್ಲಿಷ್ ಕೋರ್ಟಿಗೆ ಎಳೆಯುವಂತಿಲ್ಲ ಎಂದು ಹೌಸ್ ಆಫ್ ಲಾರ್ಡ್ಸ್ 1957ರಲ್ಲಿ ತೀರ್ಪು ಕೊಟ್ಟಿತು. ನಿಜಾಮ 1967ರಲ್ಲಿ ತೀರಿಕೊಂಡ. ಹಣ ಮಾತ್ರ ಬಡ್ಡಿ ಸೇರಿಸಿಕೊಳ್ಳುತ್ತ ಅಲ್ಲೇ ಉಳಿಯಿತು. 2013ರಲ್ಲಿ ಪಾಕಿಸ್ತಾನ ತಾನಾಗಿಯೇ ದಾವೆ ಹೂಡಿದಾಗ ಅದರ ಸಾರ್ವಭೌಮ ರಕ್ಷಣೆ ಕಳಚಿತು. ಆಯುಧ ಪೂರೈಕೆಯ ಬಾಬ್ತು ಈ ಹಣ ಬಂತು ಎಂಬ ವಾದವನ್ನೂ, ಕಾನೂನುಬಾಹಿರ ಉದ್ದೇಶದ ಹಣವಾದ್ದರಿಂದ ಕೋರ್ಟು ಕೈಹಾಕಬಾರದು ಎಂಬ ವಾದವನ್ನೂ ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ಒಪ್ಪಲಿಲ್ಲ. 2019ರ ಅಕ್ಟೋಬರ್ 2ರ ತೀರ್ಪು, ಸುಮಾರು 3.5 ಕೋಟಿ ಪೌಂಡಿಗೆ ಬೆಳೆದಿದ್ದ ಮೊತ್ತವನ್ನು ಭಾರತಕ್ಕೂ, ಅದರೊಂದಿಗೆ ಮೊದಲೇ ರಾಜಿಯಾಗಿದ್ದ ನಿಜಾಮನ ಇಬ್ಬರು ಮೊಮ್ಮಕ್ಕಳಾದ ಮುಕರ್ರಂ ಜಾ ಮತ್ತು ಮುಫಖ್ಖಂ ಜಾ ಅವರಿಗೂ ಸಲ್ಲಿಸಿತು. ಖಾತೆ ತಡೆದು ಇತ್ಯರ್ಥವಾಗಲು 71 ವರ್ಷ ಬೇಕಾಯಿತು.

ಪಟ್ಟಿಯಲ್ಲಿಲ್ಲದವರು

ಮೇಲಿನ ಹೆಸರುಗಳಿಗೆಲ್ಲ ವಕೀಲರಿದ್ದರು, ಕಡತಗಳಿದ್ದವು. ತಾಲೂಕಿನ ಮಟ್ಟದಲ್ಲಿ ಅಂಥ ಲೆಕ್ಕ ನಡೆಯಲಿಲ್ಲ. ಸೈನಿಕ ಆಡಳಿತ ರಜಾಕಾರ ಸಂಘಟನೆಯನ್ನು ಕಾನೂನುಬಾಹಿರವೆಂದು ಸಾರಿ ಸಾವಿರಾರು ಮಂದಿಯನ್ನು ಬಂಧಿಸಿತು. ನಿಜಾಮನ ಸೇವೆಯಲ್ಲಿದ್ದ ಅರಬ್ ಮತ್ತು ಪಠಾಣ ಸಿಪಾಯಿಗಳನ್ನು ಒಟ್ಟುಗೂಡಿಸಿ, ಹೊರಗಿನವರೆಂದು ಗಡೀಪಾರು ಮಾಡುವ ಪ್ರಯತ್ನ ನಡೆಯಿತು. ಮದ್ರಾಸ್, ಮುಂಬಯಿ ಪ್ರಾಂತಗಳಿಂದ ಅಧಿಕಾರಿಗಳು ಬಂದು ಕುಳಿತರು. ಹಳೆಯ ನೌಕರರಲ್ಲಿ ಹಲವರಿಗೆ ವಜಾ, ಹಿಂಬಡ್ತಿ ಅಥವಾ ಅವಧಿಗೆ ಮೊದಲೇ ನಿವೃತ್ತಿ.

ಅದಕ್ಕಿಂತ ಭೀಕರವಾದದ್ದು ಊರೂರಲ್ಲಿ ನಡೆದ ಸೇಡು. ರಜಾಕಾರರ ಕಾಲದಲ್ಲಿ ಹಿಂದೂಗಳ ಮನೆ ಸುಟ್ಟಿದ್ದವು. ಅನೇಕರು ಗಡಿ ದಾಟಿ ಮುಂಬಯಿ ಪ್ರಾಂತದ ಕಡೆ ಓಡಿದ್ದರು. ಸುರಪುರ, ಶಹಾಪುರದಿಂದ ಪಶ್ಚಿಮಕ್ಕೆ ಹೋದರೆ ಸಿಗುವುದೇ ಆಗ ಮುಂಬಯಿ ಪ್ರಾಂತದಲ್ಲಿದ್ದ ವಿಜಾಪುರ ಜಿಲ್ಲೆ. ಪೊಲೀಸ್ ಆಕ್ಷನ್ ಎಂದು ಕರೆಯಲಾದ ಸೇನಾ ಕಾರ್ಯಾಚರಣೆ ಆದ ಮೇಲೆ ರಜಾಕಾರರ ಹಾವಳಿಯ ಬೆಲೆಯನ್ನು ರಜಾಕಾರರಲ್ಲದ ಮುಸ್ಲಿಮರೂ ತೆತ್ತರು. ಪ್ರಧಾನಿ ನೆಹರೂ ಅವರ ಸೂಚನೆಯಂತೆ 1948ರ ಕೊನೆಯಲ್ಲಿ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮೊದಲಾದವರ ತಂಡ ಜಿಲ್ಲೆಗಳಲ್ಲಿ ತಿರುಗಿ ವರದಿ ಕೊಟ್ಟಿತು. ಸೇನಾ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಅದರ ನಂತರ ರಾಜ್ಯದಲ್ಲಿ ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತರು ಎಂಬುದು ಅದರ ಅಂದಾಜು. ಅತಿಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಾಗಿ ಅದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡಗಳನ್ನು ಹೆಸರಿಸಿತು. ಮುಸ್ಲಿಮರಿಗೆ ಆಶ್ರಯ ಕೊಟ್ಟು ಕಾಪಾಡಿದ ಹಿಂದೂಗಳ ಉದಾಹರಣೆಗಳನ್ನೂ ದಾಖಲಿಸಿತು. ಸರ್ಕಾರ ಈ ವರದಿಯನ್ನು ದಶಕಗಳ ಕಾಲ ಪ್ರಕಟಿಸಲಿಲ್ಲ.

1956ರ ನವೆಂಬರ್ 1ರಂದು ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಸೆಪ್ಟೆಂಬರ್ 17 ಈ ಭಾಗದಲ್ಲಿ ವಿಮೋಚನಾ ದಿನ. ಪ್ರದೇಶಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದ ಮೇಲೆ ಸರ್ಕಾರ ಅದನ್ನು ಕಲ್ಯಾಣ ಕರ್ನಾಟಕ ಉತ್ಸವವಾಗಿ ಆಚರಿಸುತ್ತದೆ.

ಇಂದಿನ ಪದ್ಧತಿ

ಹೆಸರು ಹಿಡಿದು ನಿರ್ಬಂಧ ಹಾಕುವ ಪದ್ಧತಿ ಬೆಳೆದದ್ದು ಇಡೀ ದೇಶಗಳ ಮೇಲಿನ ದಿಗ್ಬಂಧನಗಳ ಕಹಿ ಅನುಭವದಿಂದ. 1990ರಿಂದ ಇರಾಕಿನ ಮೇಲಿದ್ದ ವ್ಯಾಪಾರ ತಡೆಯಿಂದ ಬಳಲಿದ್ದು ಅಲ್ಲಿನ ಸಾಮಾನ್ಯ ಜನ, ಸದ್ದಾಂ ಹುಸೇನ್ ಅಲ್ಲ. 2003ರ ಮೇ 22ರ 1483ನೆಯ ನಿರ್ಣಯ ಆ ವ್ಯಾಪಾರ ತಡೆಯನ್ನು ತೆಗೆದು, ಹಳೆಯ ಆಡಳಿತದ ಹಿರಿಯರ ಮತ್ತು ಅವರ ಬಂಧುಗಳ ಹಣವನ್ನು ಹುಡುಕಿ ತಡೆಹಿಡಿದು ಇರಾಕಿನ ಅಭಿವೃದ್ಧಿ ನಿಧಿಗೆ ಸೇರಿಸಬೇಕೆಂದು ವಿಧಿಸಿತು. ಹಿಡಿದ ಹಣ ಯಾರದೆಂಬ ಪ್ರಶ್ನೆಗೆ ನಿರ್ಣಯದಲ್ಲೇ ಉತ್ತರವಿತ್ತು. ಲಂಡನ್ನಿನ ಖಾತೆಗೆ ಅಂಥ ಉತ್ತರ ಇರಲಿಲ್ಲ.

ಲೈಬೀರಿಯದ ಪದಚ್ಯುತ ಅಧ್ಯಕ್ಷ ಚಾರ್ಲ್ಸ್ ಟೇಲರ್ ಮತ್ತು ಅವನ ಆಪ್ತರ ಆಸ್ತಿಯನ್ನು 2004ರ ಮಾರ್ಚಿನ ನಿರ್ಣಯ ತಡೆಹಿಡಿಯಿತು. ದೇಶ ಸ್ಥಿರಗೊಂಡ ಮೇಲೆ 2015ರಲ್ಲಿ ಅದು ಮುಗಿಯಿತು. ಸ್ವಿಟ್ಜರ್ಲೆಂಡ್ 1986ರಲ್ಲಿ ಫಿಲಿಪೀನ್ಸಿನ ಮಾರ್ಕೋಸ್ ಕುಟುಂಬದ ಖಾತೆಗಳನ್ನು ತಡೆದ ಅನುಭವದ ಹಾದಿಯಲ್ಲಿ, ಪದಚ್ಯುತ ಆಳುವವರ ಅಕ್ರಮ ಸಂಪತ್ತಿಗೆಂದೇ 2016ರಲ್ಲಿ ಪ್ರತ್ಯೇಕ ಕಾನೂನು ಜಾರಿಗೆ ತಂದಿತು. ಸಿರಿಯದಲ್ಲಿ 2024ರ ಡಿಸೆಂಬರ್ 8ರಂದು ಬಷಾರ್ ಅಸಾದ್ ಆಡಳಿತ ಉರುಳಿತು. 2025ರ ಜೂನ್ 30ರಂದು ಅಮೆರಿಕ ಆ ದೇಶದ ಮೇಲಿನ ಸಾಮಾನ್ಯ ನಿರ್ಬಂಧ ಕಾರ್ಯಕ್ರಮವನ್ನು ಕೊನೆಗೊಳಿಸಿ, ಅಸಾದ್ ಮತ್ತು ಅವನ ಸಹಚರರ ಮೇಲಿನದನ್ನು ಉಳಿಸಿಕೊಂಡಿತು.

ಪಟ್ಟಿಗೆ ಸೇರಿದವನಿಗೆ ನ್ಯಾಯದ ಬಾಗಿಲು ತೆರೆದಿರಬೇಕೆಂಬ ತತ್ತ್ವ ನಿಧಾನವಾಗಿ ಬೇರೂರಿತು. 2008ರ ಸೆಪ್ಟೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಕಾದಿ ಪ್ರಕರಣದಲ್ಲಿ, ಭದ್ರತಾ ಮಂಡಳಿಯ ಪಟ್ಟಿಯನ್ನು ಜಾರಿ ಮಾಡುವಾಗಲೂ ಮೂಲಭೂತ ಹಕ್ಕುಗಳನ್ನು ಕಡೆಗಣಿಸುವಂತಿಲ್ಲ ಎಂದಿತು. ಉಕ್ರೇನಿನ ಮಾಜಿ ಅಧ್ಯಕ್ಷ ಯಾನುಕೋವಿಚ್ ಮತ್ತು ಅವನ ಸಹೋದ್ಯೋಗಿಗಳ ಮೇಲಿನ ಐರೋಪ್ಯ ಒಕ್ಕೂಟದ ಹಲವು ಆದೇಶಗಳು ಸೂಕ್ತ ಆಧಾರವಿಲ್ಲವೆಂದು ಬಿದ್ದುಹೋದವು. ವಾರಂಗಲ್ಲಿನ ಸುಬೇದಾರನ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ ಇದೇ ಎಚ್ಚರವನ್ನು ಅರ್ಧ ಶತಮಾನ ಮೊದಲೇ ತೋರಿತ್ತು.

ಮೌಲ್ಯಮಾಪನ

ಸುರಪುರ ಮತ್ತು ಹೈದರಾಬಾದ್ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ ಶಿಕ್ಷೆಯ ತೂಕ ಹುದ್ದೆಗೆ ತಕ್ಕಂತೆ ಹಂಚಿಕೆಯಾಗಲಿಲ್ಲ ಎಂಬುದು ಸ್ಪಷ್ಟ. 1858ರಲ್ಲಿ ಯುವಕನಾಗಿದ್ದ ರಾಜ ಸತ್ತು ಸಂಸ್ಥಾನವೇ ಅಳಿಯಿತು, ಅವನು ಮುಚ್ಚಿಟ್ಟ ಹೆಸರುಗಳು ಅವನೊಂದಿಗೇ ಹೋದವು. 1948ರಲ್ಲಿ ಅರಸನಿಗೆ ರಾಜಧನ, ಪ್ರಧಾನಿಗೆ ಪಲಾಯನ, ರಜಾಕಾರ ನಾಯಕನಿಗೆ ಏಳು ವರ್ಷ. ಗುಲಬರ್ಗಾ ಜಿಲ್ಲೆಯ ಹಳ್ಳಿಯ ಬಡ ಮುಸ್ಲಿಂ ಕುಟುಂಬಕ್ಕೆ ಯಾವ ಆರೋಪಪಟ್ಟಿಯೂ ಬರಲಿಲ್ಲ, ಆದ್ದರಿಂದ ಖುಲಾಸೆಯೂ ಸಿಗಲಿಲ್ಲ. ದಿಗ್ಬಂಧನದಿಂದ ಉಪ್ಪು, ಔಷಧಗಳಿಗೆ ಪರದಾಡಿದವರೂ, ಅದಕ್ಕೂ ಮುಂಚೆ ರಜಾಕಾರರಿಗೆ ಹೆದರಿ ಊರು ಬಿಟ್ಟವರೂ ಇದೇ ಮಟ್ಟದ ಜನ.

ಹೆಸರು ಹಿಡಿದು, ಸಾಕ್ಷ್ಯ ಕೇಳಿ, ಮೇಲ್ಮನವಿಗೆ ಅವಕಾಶ ಕೊಟ್ಟು ಹಾಕುವ ನಿರ್ಬಂಧ ನಿಧಾನವಾದದ್ದು. ಅದರಿಂದ ಲಾಯಕ್ ಅಲಿಯಂಥವರು ನುಣುಚಿಕೊಳ್ಳುವುದೂ ಉಂಟು. ಆದರೂ ಗುಂಪಿನ ಮೇಲೆ ಹೊಣೆ ಹೊರಿಸುವುದಕ್ಕೆ ಅದೊಂದೇ ಪರ್ಯಾಯ. 1948ರಲ್ಲಿ ಆ ವ್ಯವಸ್ಥೆ ಹೈದರಾಬಾದ್, ಲಂಡನ್, ದೆಹಲಿಗಳಲ್ಲಿ ಕೆಲಸ ಮಾಡಿತು, ತಾಲೂಕುಗಳವರೆಗೆ ಇಳಿಯಲಿಲ್ಲ. ಹೊರಗಿನಿಂದ ಬಂದ ಸೇನೆ ಒಂದು ಸರ್ಕಾರವನ್ನು ಇಳಿಸಿದಾಗ ಮೊದಲ ಕೆಲವು ವಾರಗಳಲ್ಲಿ ಹಳ್ಳಿಗಳ ಕಾವಲು ಯಾರದೆಂಬುದು ತೀರ್ಮಾನವಾಗಿರದಿದ್ದರೆ, ಮೇಲಿನವರ ಮೇಲೆ ಎಂಥ ಅಚ್ಚುಕಟ್ಟಾದ ಕ್ರಮ ಕೈಗೊಂಡರೂ ಅದು ಅರ್ಧ ನ್ಯಾಯವೇ.